ಹಬ್ಬ ಮುಗಿದ ಮೇಲೆ ಕಲಾವಿದರಿಗೆ ಉಳಿಯುವುದೇನು? ಕಪ್ಪು ಕಲಾವಿದರ ಸಮುದಾಯ ಕೇಂದ್ರಗಳು: ಅಧ್ಯಯನ ಟಿಪ್ಪಣಿ

ಅಮೆರಿಕದ ಕಪ್ಪು ಕಲಾವಿದರು ತಮ್ಮವರ ನಡುವೆ ಕಟ್ಟಿಕೊಂಡ ಕೇಂದ್ರ, ಮೇಳ, ಉತ್ಸವಗಳ ಬಗ್ಗೆ ಓದುವಾಗ ಎರಡು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ಓದಿ. ಕಟ್ಟಡ ಯಾರ ಹೆಸರಿನಲ್ಲಿತ್ತು? ಕಲಾವಿದರಿಗೆ ಹಣ ಯಾವಾಗ, ಯಾವ ಲೆಕ್ಕದಲ್ಲಿ ಸಿಕ್ಕಿತು? ಉದ್ಘಾಟನೆಯ ದಿನದ ವಿವರ ಎಲ್ಲ ಕಡೆ ಸಿಗುತ್ತದೆ. ಈ ಎರಡಕ್ಕೆ ಉತ್ತರ ಹುಡುಕಿ ತೆಗೆಯಬೇಕು, ಆದರೆ ಯಾವ ಪ್ರಯತ್ನ ಉಳಿಯಿತು, ಯಾವುದು ಅಳಿಯಿತು ಎನ್ನುವುದು ಗೊತ್ತಾಗುವುದು ಅಲ್ಲಿಯೇ.

ಷಿಕಾಗೊ: ಸಂಬಳ ಸರ್ಕಾರದ್ದು, ಮನೆ ಊರಿನದು

ಆರ್ಥಿಕ ಮಹಾಕುಸಿತದ ಕಾಲದಲ್ಲಿ, 1935ರಲ್ಲಿ, ಅಮೆರಿಕದ ಕೇಂದ್ರ ಸರ್ಕಾರ ಕಲಾವಿದರಿಗೆ ಕೆಲಸ ಕೊಡುವ ಫೆಡರಲ್ ಆರ್ಟ್ ಪ್ರಾಜೆಕ್ಟ್ ಶುರು ಮಾಡಿತು. ಅದರಡಿ ದೇಶದಲ್ಲಿ ನೂರಕ್ಕೂ ಹೆಚ್ಚು ಸಮುದಾಯ ಕಲಾ ಕೇಂದ್ರಗಳು ಎದ್ದವು. ಖರ್ಚು ಹಂಚಿಕೊಂಡ ರೀತಿಯನ್ನು ಗಮನಿಸಿ: ಶಿಕ್ಷಕರ ಮತ್ತು ಸಿಬ್ಬಂದಿಯ ಸಂಬಳ, ಕಟ್ಟಡದ ನವೀಕರಣ ಸರ್ಕಾರದ ಪಾಲು, ಕಟ್ಟಡ ಮತ್ತು ದಿನನಿತ್ಯದ ಸಾಮಗ್ರಿ ಸ್ಥಳೀಯರ ಪಾಲು.

ಷಿಕಾಗೊದ ದಕ್ಷಿಣ ಭಾಗದ ಕಪ್ಪು ಜನ ಈ ಷರತ್ತನ್ನು ಗಂಭೀರವಾಗಿ ತೆಗೆದುಕೊಂಡರು. ಸೌತ್ ಮಿಷಿಗನ್ ಅವೆನ್ಯೂ 3831ರಲ್ಲಿ, ಹಿಂದೆ ಧಾನ್ಯದ ವ್ಯಾಪಾರಿಯೊಬ್ಬನಿಗೆ ಸೇರಿದ್ದ ದೊಡ್ಡ ಮನೆಯನ್ನು ಸುಮಾರು 8,000 ಡಾಲರಿಗೆ ಕೊಂಡರು. ದುಡ್ಡು ಹೊಂದಿಸಲು ‘ಆರ್ಟಿಸ್ಟ್ಸ್ ಅಂಡ್ ಮಾಡೆಲ್ಸ್ ಬಾಲ್’ ಎಂಬ ವೇಷಭೂಷಣದ ನೃತ್ಯಕೂಟ ನಡೆಸಿದರು. ‘ಮೈಲುದ್ದದ ಡೈಮ್’ ಎಂಬ ವಂತಿಗೆ ಸಂಗ್ರಹವೂ ನಡೆಯಿತು. ಇಪ್ಪತ್ತರ ಹರೆಯದ ಕಲಾವಿದೆ ಮಾರ್ಗರೆಟ್ ಬರೋಸ್ ರಸ್ತೆಯ ಮೂಲೆಯಲ್ಲಿ ಡಬ್ಬಿ ಹಿಡಿದು ನಿಂತು ಡೈಮ್, ಅಂದರೆ ಹತ್ತು ಸೆಂಟಿನ ನಾಣ್ಯ ಕೂಡಿಸಿದರು. ಈ ಹೆಸರಿನ ಹಿಂದಿನ ಲೆಕ್ಕ ನೋಡಿ. ಡೈಮ್ ನಾಣ್ಯದ ಅಗಲ 17.9 ಮಿಲಿಮೀಟರ್. ಒಂದು ಮೈಲಿ, ಅಂದರೆ 1,609 ಮೀಟರ್ ತುಂಬಲು ಸುಮಾರು 90,000 ನಾಣ್ಯ ಬೇಕು. ಮೊತ್ತ 9,000 ಡಾಲರ್, ಮನೆಯ ಬೆಲೆಗಿಂತ ಸ್ವಲ್ಪ ಹೆಚ್ಚು. ಬಡವರೂ ಕೊಡಬಹುದಾದ ಸಣ್ಣ ಮೊತ್ತ, ಎಲ್ಲರ ಕಣ್ಣಿಗೂ ಕಟ್ಟುವ ದೊಡ್ಡ ಗುರಿ. ವಂತಿಗೆ ಎತ್ತುವವರು ಕಲಿಯಬೇಕಾದ ಪಾಠಗಳಲ್ಲಿ ಇದಕ್ಕೆ ನಾನು ಮೊದಲ ಸ್ಥಾನ ಕೊಡುತ್ತೇನೆ.

ಸೌತ್ ಸೈಡ್ ಕಮ್ಯುನಿಟಿ ಆರ್ಟ್ ಸೆಂಟರ್ 1940ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆಯಿತು. 1941ರ ಮೇ 7ರಂದು ಅಮೆರಿಕದ ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಬಂದು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಎರಡೇ ವರ್ಷಕ್ಕೆ, 1943ರಲ್ಲಿ, ಫೆಡರಲ್ ಯೋಜನೆಯೇ ನಿಂತುಹೋಯಿತು, ಸಂಬಳವೂ ನಿಂತಿತು. ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನಲ್ಲಿ ಶಿಲ್ಪಿ ಅಗಸ್ಟಾ ಸ್ಯಾವೇಜ್ ಮೊದಲ ನಿರ್ದೇಶಕಿಯಾಗಿದ್ದ, 1937ರಲ್ಲಿ ಶುರುವಾದ ಕೇಂದ್ರ ಅಷ್ಟರಲ್ಲಿ ಮುಚ್ಚಿತ್ತು. ಷಿಕಾಗೊ ಕೇಂದ್ರ ಸೊರಗಿತು, ಬಡವಾಯಿತು, ಆದರೆ ಮುಚ್ಚಲಿಲ್ಲ. ಮನೆ ಅವರದೇ ಆಗಿತ್ತು. ಇಂದಿಗೂ ಅದೇ ವಿಳಾಸದಲ್ಲಿದೆ.

ಕೇಂದ್ರ ಕಲಾವಿದರಿಗೆ ಕೊಟ್ಟದ್ದು

ಪ್ರದರ್ಶನದ ಗೋಡೆ ಎಲ್ಲರಿಗೂ ಕಾಣುತ್ತದೆ. ಕಾಣದ ಸವಲತ್ತುಗಳೇ ಹೆಚ್ಚು ಕೆಲಸ ಮಾಡಿದವು. ಛಾಯಾಚಿತ್ರಕಾರ ಗಾರ್ಡನ್ ಪಾರ್ಕ್ಸ್‌ಗೆ ಷಿಕಾಗೊ ಕೇಂದ್ರದ ನೆಲಮಾಳಿಗೆಯಲ್ಲಿ ಫೋಟೊ ತೊಳೆಯುವ ಡಾರ್ಕ್‌ರೂಮ್ ಸಿಕ್ಕಿತು. ಮುಂದೆ ರೋಸನ್‌ವಾಲ್ಡ್ ಫೆಲೋಶಿಪ್ ಎಂಬ ಧನಸಹಾಯ ಪಡೆದು 1942ರಲ್ಲಿ ಅವರು ವಾಷಿಂಗ್ಟನ್ನಿಗೆ ಹೋದರು. ಕವಿ ಗ್ವೆಂಡೊಲಿನ್ ಬ್ರೂಕ್ಸ್ ಅದೇ ಮನೆಯ ಕಾವ್ಯ ಕಮ್ಮಟದಲ್ಲಿ ಕೂತು ಬರೆಯುತ್ತಿದ್ದವರು. 1950ರಲ್ಲಿ ಅವರು ಪುಲಿಟ್ಜರ್ ಪ್ರಶಸ್ತಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಆದರು.

ಹಾರ್ಲೆಮ್‌ನ ಚಿತ್ರಕಾರ ಜೇಕಬ್ ಲಾರೆನ್ಸ್ ಅವರ ಕಥೆ ಇನ್ನೂ ಸ್ಪಷ್ಟ. ಲಾರೆನ್ಸ್ ಅವರನ್ನು ಫೆಡರಲ್ ಕಲಾ ಯೋಜನೆಗೆ ಸೇರಿಸಲು ಸ್ಯಾವೇಜ್ ಕರೆದೊಯ್ದಾಗ ವಯಸ್ಸು ಸಾಲದೆಂದು ಕಚೇರಿ ವಾಪಸು ಕಳಿಸಿತು. ಇಪ್ಪತ್ತೊಂದು ತುಂಬಿದ ಮೇಲೆ ಸ್ಯಾವೇಜ್ ಮರೆಯದೆ ಮತ್ತೆ ಕರೆದುಕೊಂಡು ಹೋದರು. ವಾರಕ್ಕೆ 23.86 ಡಾಲರ್ ಸಂಬಳ ಬರತೊಡಗಿತು. ಹೊಟ್ಟೆಪಾಡಿನ ಚಿಂತೆಯಿಲ್ಲದೆ ಚಿತ್ರ ಬರೆದ ಆ ಹದಿನೆಂಟು ತಿಂಗಳ ನಂತರ, 1940–41ರಲ್ಲಿ, ದಕ್ಷಿಣದಿಂದ ಉತ್ತರಕ್ಕೆ ನಡೆದ ಕಪ್ಪು ಜನರ ಮಹಾವಲಸೆಯ ಮೇಲೆ 60 ಫಲಕಗಳ ಸರಣಿ ಬಂತು. ಕಲಾವಿದರಿಗೆ ಸಮಯ ಕೊಂಡುಕೊಡುವುದೇ ದೊಡ್ಡ ಸಹಾಯ. 1968ರಲ್ಲಿ ಶುರುವಾದ ಹಾರ್ಲೆಮ್‌ನ ಸ್ಟುಡಿಯೊ ಮ್ಯೂಸಿಯಂ, ಚಿತ್ರಕಾರ ವಿಲಿಯಂ ಟಿ. ವಿಲಿಯಮ್ಸ್ ಅವರ ಸಲಹೆಯಂತೆ, ಇದನ್ನೇ ನಿಯಮ ಮಾಡಿಕೊಂಡಿತು: ವರ್ಷಕ್ಕೆ ಮೂವರು ಕಲಾವಿದರು, ಅವರಿಗೆ ಕೆಲಸದ ಕೋಣೆ, ಭತ್ಯೆ, ಕೊನೆಯಲ್ಲಿ ಪ್ರದರ್ಶನ.

ಉತ್ಸವ ಎಲ್ಲಿ ಎಡವುತ್ತದೆ

ಸ್ಯಾವೇಜ್ ಅವರ ‘ದಿ ಹಾರ್ಪ್’ ಶಿಲ್ಪದ ಗತಿಯನ್ನು ಪ್ರತಿ ಸಂಘಟಕರೂ ತಿಳಿದಿರಬೇಕು. 1939ರ ನ್ಯೂಯಾರ್ಕ್ ವಿಶ್ವ ಮೇಳಕ್ಕಾಗಿ ಆಕೆ ಹದಿನಾರು ಅಡಿ ಎತ್ತರದ ಶಿಲ್ಪ ಮಾಡಿದರು. ಹಾಡುವ ಕಪ್ಪು ಮಕ್ಕಳೇ ಹಾರ್ಪ್ ವಾದ್ಯದ ತಂತಿಗಳು. ಜನ ಮುಗಿಬಿದ್ದು ನೋಡಿದರು. ಆದರೆ ಅದು ಪ್ಲಾಸ್ಟರಿನದು. ಕಂಚಿಗೆ ಎರಕ ಹೊಯ್ಯಲು ಹಣವಿರಲಿಲ್ಲ, ಇಡಲು ಜಾಗವಿರಲಿಲ್ಲ. ಮೇಳ ಮುಗಿದಾಗ ಅದನ್ನು ಒಡೆದುಹಾಕಲಾಯಿತು. ಉಳಿದದ್ದು ಸ್ಮರಣಿಕೆಯಾಗಿ ಮಾಡಿದ ಪುಟ್ಟ ಪ್ರತಿಗಳು ಮತ್ತು ಛಾಯಾಚಿತ್ರಗಳು. ಶಿಲ್ಪಕ್ಕಾಗಿ ರಜೆ ಹಾಕಿದ್ದ ಆಕೆ ಹಿಂತಿರುಗಿದಾಗ ಕೇಂದ್ರದಲ್ಲಿ ಕೆಲಸವೂ ಇರಲಿಲ್ಲ. ಇದನ್ನು ಓದುವಾಗ ಇಂದಿಗೂ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಉತ್ಸವಕ್ಕೆ ಕೃತಿ ಮಾಡಿಸುವ ಒಪ್ಪಂದದಲ್ಲಿ ಸಂಭಾವನೆ ಬೇರೆ, ಸಾಮಗ್ರಿಯ ಖರ್ಚು ಬೇರೆ ಇರಲಿ. ಎರಡನ್ನೂ ಒಟ್ಟಿಗೆ ಸೇರಿಸಿದರೆ ಕಬ್ಬಿಣ, ಬಣ್ಣಗಳ ಬೆಲೆ ಏರಿದಾಗ ಕಲಾವಿದರ ಕೂಲಿಯೇ ಕರಗುತ್ತದೆ. ಹಣವನ್ನು ಸಹಿ ಹಾಕಿದಾಗ, ಅರ್ಧ ಕೆಲಸವಾದಾಗ, ಒಪ್ಪಿಸಿದಾಗ ಎಂದು ಮೂರು ಕಂತು ಮಾಡಿ. ಮೊದಲ ಕಂತು ಸಾಮಗ್ರಿಯ ಪೂರ್ತಿ ಖರ್ಚನ್ನು ತುಂಬುವಷ್ಟಿರಲಿ. ಉತ್ಸವದ ನಂತರ ಕೃತಿ ಬಿಚ್ಚುವ, ಸಾಗಿಸುವ, ಇಡುವ ವೆಚ್ಚ ಯಾರದು, ಕೃತಿಯ ಒಡೆತನ ಯಾರದು ಎಂಬುದನ್ನು ಮೊದಲೇ ಬರೆದಿಡಿ. ಕೊನೆಯ ವಾರ ಈ ಮಾತೆತ್ತಿದರೆ ಕೇಳುವವರಿರುವುದಿಲ್ಲ.

ಇನ್ನು ಮಾರಾಟ. ಬರೋಸ್ 1950ರ ದಶಕದಲ್ಲಿ ಷಿಕಾಗೊದಲ್ಲಿ ಲೇಕ್ ಮೆಡೋಸ್ ಆರ್ಟ್ ಫೇರ್ ಎಂಬ ಬಯಲು ಮೇಳ ಆರಂಭಿಸಿದರು. ಬೇರೆಡೆ ಗೋಡೆ ಸಿಗದ ಕಪ್ಪು ಕಲಾವಿದರು ಅಲ್ಲಿ ನೇರವಾಗಿ ಜನರಿಗೆ ಮಾರಿದರು. ಬರೋಸ್ ಅವರ ಸ್ವಂತ ಮಾಧ್ಯಮ ಲಿನೋಕಟ್, ಅಂದರೆ ಲಿನೋಲಿಯಂ ಹಲಗೆ ಕೆತ್ತಿ ಕಾಗದದ ಮೇಲೆ ಮುದ್ರಿಸುವ ಚಿತ್ರ. ಇಂಥ ಮೇಳಕ್ಕೆ ಅದು ಹೇಳಿ ಮಾಡಿಸಿದ್ದು. ಉದಾಹರಣೆಗೆ, 500 ಡಾಲರಿನ ಒಂದು ತೈಲಚಿತ್ರ ಮಾರಾಟವಾಗದಿದ್ದರೆ ಆ ದಿನದ ಗಳಿಕೆ ಸೊನ್ನೆ. ಒಂದು ಹಲಗೆಯಿಂದ ತೆಗೆದ 50 ಪ್ರತಿಗಳಿಗೆ ತಲಾ 20 ಡಾಲರ್ ಇಟ್ಟರೆ ಅರ್ಧ ಮಾರಿದರೂ ಅಷ್ಟೇ ಹಣ ಬರುತ್ತದೆ, ಜೊತೆಗೆ 25 ಮನೆಗಳ ಗೋಡೆಗೆ ಕಲೆ ಸೇರುತ್ತದೆ. ಪ್ರತಿ ಹಾಳೆಯ ಮೇಲೆ 12/50 (ಐವತ್ತರಲ್ಲಿ ಹನ್ನೆರಡನೆಯ ಪ್ರತಿ) ಎಂಬಂತೆ ಪೆನ್ಸಿಲಿನಲ್ಲಿ ಸಂಖ್ಯೆ, ಸಹಿ ಇರಬೇಕು. ಬೇಡಿಕೆ ಕಂಡು 51ನೆಯದನ್ನು ಮುದ್ರಿಸಿದರೆ ಕೊಂಡವರ ನಂಬಿಕೆ ಹೋಗುತ್ತದೆ. ಎಣ್ಣೆ ಶಾಯಿ ಒಣಗಲು ಹಲವು ದಿನ ಬೇಕು. ಮೇಳದ ಹಿಂದಿನ ರಾತ್ರಿ ಮುದ್ರಿಸಿ ಒಂದರ ಮೇಲೊಂದು ಪೇರಿಸಿದರೆ ಬೆಳಗ್ಗೆ ಹಾಳೆಗಳು ಅಂಟಿಕೊಂಡಿರುತ್ತವೆ.

ನಾರ್ತ್ ಕರೊಲೈನಾದ ವಿನ್‌ಸ್ಟನ್-ಸೇಲಂನ ರಂಗೋತ್ಸವ ಇನ್ನೊಂದು ಮಾದರಿ. ಲ್ಯಾರಿ ಲಿಯಾನ್ ಹ್ಯಾಮ್ಲಿನ್ 1979ರಲ್ಲಿ ಮೊದಲು ನಾಟಕ ಕಂಪನಿ ಕಟ್ಟಿದರು, ಹತ್ತು ವರ್ಷದ ನಂತರ, 1989ರಲ್ಲಿ, ನ್ಯಾಷನಲ್ ಬ್ಲ್ಯಾಕ್ ಥಿಯೇಟರ್ ಫೆಸ್ಟಿವಲ್ ಶುರು ಮಾಡಿದರು. ಲೇಖಕಿ ಮಾಯಾ ಏಂಜೆಲೊ ಅದರ ಮೊದಲ ಅಧ್ಯಕ್ಷೆ. ಉತ್ಸವ ಎರಡು ವರ್ಷಕ್ಕೊಮ್ಮೆ ನಡೆಯುವುದರಿಂದ ಹಣ ಹೊಂದಿಸಲು, ಸಾಲ ತೀರಿಸಲು ನಡುವೆ ಬಿಡುವು ಸಿಗುತ್ತದೆ. ಪ್ರತಿ ವರ್ಷ ಮಾಡಲೇಬೇಕೆಂಬ ಹಟ ಎಷ್ಟೋ ಸಣ್ಣ ಉತ್ಸವಗಳನ್ನು ಮುಳುಗಿಸುತ್ತದೆ.

ಹ್ಯೂಸ್ಟನ್: ಕಲೆ ಬಂದ ಮೇಲೆ ಬಾಡಿಗೆ ಏರಿದರೆ

1993ರಲ್ಲಿ ರಿಕ್ ಲೋ ಸೇರಿ ಏಳು ಕಪ್ಪು ಕಲಾವಿದರು ಟೆಕ್ಸಸ್ ರಾಜ್ಯದ ಹ್ಯೂಸ್ಟನ್ನಿನ ಥರ್ಡ್ ವಾರ್ಡ್ ಬಡಾವಣೆಯಲ್ಲಿ ಪಾಳುಬಿದ್ದ 22 ಸಾಲುಮನೆಗಳನ್ನು ಹಿಡಿದು ಪ್ರಾಜೆಕ್ಟ್ ರೋ ಹೌಸಸ್ ಆರಂಭಿಸಿದರು. ಕೆಲವು ಮನೆಗಳಲ್ಲಿ ಕಲಾವಿದರ ಪ್ರತಿಷ್ಠಾಪನಾ (ಇನ್‌ಸ್ಟಲೇಷನ್) ಕಲಾಕೃತಿಗಳು, ಇನ್ನು ಕೆಲವು ಓದು ಮುಂದುವರಿಸುವ ಒಂಟಿ ತಾಯಂದಿರ ವಾಸಕ್ಕೆ. ಕಲೆಯಿಂದ ಬೀದಿಗೆ ಹೆಸರು ಬಂದರೆ ಜಾಗದ ಬೆಲೆ ಏರುತ್ತದೆ, ಹಳೆಯ ನಿವಾಸಿಗಳು ಜಾಗ ಖಾಲಿ ಮಾಡಬೇಕಾಗುತ್ತದೆ. ಇದನ್ನು ಎದುರಿಸಲು ಅವರು 2003ರಲ್ಲಿ ಕಡಿಮೆ ಬಾಡಿಗೆಯ ಮನೆಗಳಿಗೆಂದೇ ಪ್ರತ್ಯೇಕ ಸಂಸ್ಥೆ ಮಾಡಿಕೊಂಡರು.

ನಮ್ಮ ಕೌದಿ, ಹಾರ್ಲೆಮ್‌ನ ಗೋಡೆ

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿಯರು ಆಫ್ರಿಕಾ ಮೂಲದವರು. ಸಿದ್ದಿ ಮಹಿಳೆಯರ ಕೌದಿಗಳು 2011ರಲ್ಲಿ ಹಾರ್ಲೆಮ್‌ನಲ್ಲಿರುವ, ಕಪ್ಪು ಜನರ ಸಂಸ್ಕೃತಿಯ ಸಂಶೋಧನೆಗೆ ಮೀಸಲಾದ ಷಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅವರು ಅಂಚಿನಿಂದ ಹೊಲಿಗೆ ಹಿಡಿದು, ತೇಪೆ ಇಡುತ್ತ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ‘ಫುಲ’ ಇಲ್ಲದಿದ್ದರೆ ಕೌದಿ ಪೂರ್ತಿಯಾಗಲಿಲ್ಲ ಎಂದೇ ಲೆಕ್ಕ.

ಇಂಥ ಕೆಲಸವನ್ನು ಮೇಳಕ್ಕೆ ತರುವವರು ಬೆಲೆಯನ್ನು ಗಂಟೆಗಳಲ್ಲಿ ಕಟ್ಟಬೇಕು. ಉದಾಹರಣೆಗೆ, 80 ಗಂಟೆಗೆ 60 ರೂಪಾಯಿಯಂತೆ 4,800, ದಾರ ಮತ್ತು ಒಳಬಟ್ಟೆಗೆ 500, ಒಟ್ಟು 5,300. ಇದಕ್ಕಿಂತ ಕೆಳಗಿಳಿದು ಮಾರಿದರೆ ಹೊಲಿದವರೇ ಕೊಳ್ಳುವವರಿಗೆ ದಾನ ಕೊಟ್ಟಂತೆ. ಹಳೆಯ ಸೀರೆಯ ಜೊತೆ ಹೊಸ ಬಟ್ಟೆ ಸೇರಿಸುವುದಾದರೆ ಮೊದಲೇ ನೆನೆಸಿ ನೋಡಿ. ಕೆಂಪು ಬಟ್ಟೆ ಬಣ್ಣ ಬಿಟ್ಟರೆ ಮೊದಲ ಒಗೆತದಲ್ಲೇ ಪೂರ್ತಿ ಕೌದಿ ಕೆಡುತ್ತದೆ. ಚೀಟಿಯ ಮೇಲೆ ‘ಸಿದ್ದಿ ಕೌದಿ’ ಎಂದಷ್ಟೇ ಬರೆದು ಬಿಡಬೇಡಿ. ಹೊಲಿದವರ ಒಪ್ಪಿಗೆ ಪಡೆದು ಅವರ ಹೆಸರು, ಊರು, ಹೊಲಿದ ವರ್ಷ, ಮತ್ತು ಬೆಲೆಯಲ್ಲಿ ಅವರ ಕೈ ಸೇರುವ ಮೊತ್ತ, ನಾಲ್ಕನ್ನೂ ಕಾಣಿಸಿ.