ಗಡ್ಡೆಯ ಗಟ್ಟಿತನವೂ ಕ್ಯಾನ್ಸರ್ ಹರಡುವಿಕೆಯೂ

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಸ್ತನದ ಗಡ್ಡೆಯನ್ನು ಪೆಥಾಲಜಿ ವಿಭಾಗದಲ್ಲಿ ಕೊಯ್ಯುವಾಗ ಎಷ್ಟೋ ಸಲ ಬಲಿಯದ ಸೀಬೆಕಾಯಿ ಕೊಯ್ದ ಹಾಗೆ ಬ್ಲೇಡಿಗೆ ಕರಕರ ತಗಲುತ್ತದೆ. ಅದರ ತೆಳುಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕ್ಯಾನ್ಸರ್ ಕೋಶಗಳು ಅಲ್ಲೊಂದು ಗುಂಪು, ಇಲ್ಲೊಂದು ಸಾಲು ಎಂಬಂತೆ ಚದುರಿಕೊಂಡಿದ್ದು, ಉಳಿದ ಜಾಗವನ್ನೆಲ್ಲ ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳೇ ತುಂಬಿರುತ್ತವೆ. ಈ ನಾರನ್ನು ನಾವು ಬಹುಕಾಲ ದೇಹವು ಗಡ್ಡೆಯ ಸುತ್ತ ಕಟ್ಟಿಕೊಂಡ ತಡೆಯೆಂದೇ ಭಾವಿಸಿದ್ದೆವು. ಆದರೆ ಅನೇಕ ಗಡ್ಡೆಗಳಲ್ಲಿ ಅದು ಕೋಶಗಳು ಹೊರಗೆ ಹರಡುವುದಕ್ಕೇ ನೆರವಾಗುತ್ತದೆ.

ಕೊಲಾಜೆನ್ನನ್ನು ಹೆಚ್ಚಾಗಿ ತಯಾರಿಸುವುದು ಫೈಬ್ರೋಬ್ಲಾಸ್ಟ್ ಕೋಶಗಳು. ಅದನ್ನು ಬಿಗಿಗೊಳಿಸುವುದು ಲೈಸಿಲ್ ಆಕ್ಸಿಡೇಸ್ ಎಂಬ, ತಾಮ್ರವಿಲ್ಲದೆ ಕೆಲಸ ಮಾಡಲಾರದ ಕಿಣ್ವ. ಕೋಶದ ಹೊರಗೆ ಕೆಲಸ ಮಾಡುವ ಈ ಕಿಣ್ವವು ಕೊಲಾಜೆನ್‌ನಲ್ಲಿರುವ ಲೈಸಿನ್ ಎಂಬ ಅಮೈನೋ ಆಮ್ಲದ ತುದಿಯನ್ನು ಆಲ್ಡಿಹೈಡ್ ಆಗಿ ಮಾರ್ಪಡಿಸುತ್ತದೆ. ಅಲ್ಲಿಂದ ಮುಂದೆ ಬೇರೆ ಕಿಣ್ವದ ಅಗತ್ಯವಿಲ್ಲ. ಆಲ್ಡಿಹೈಡ್ ತಾನಾಗಿಯೇ ಪಕ್ಕದ ಎಳೆಯೊಂದಿಗೆ ಸೇರಿ ಅಡ್ಡಬಂಧವಾಗುತ್ತದೆ. ಚರ್ಮ, ಮೂಳೆ, ರಕ್ತನಾಳಗಳ ಬಲಕ್ಕೆ ಈ ಬಂಧಗಳು ಬೇಕೇ ಬೇಕು. ತೊಂದರೆ ಇರುವುದು ಅವು ಗಡ್ಡೆಯ ಸುತ್ತ ಅತಿಯಾಗಿ ಬೆಳೆದಾಗ.

ಕೋಶವು ತನ್ನ ಸುತ್ತಲಿನ ಬಿಗಿಯನ್ನು ಹೊರಪದರದಲ್ಲಿರುವ ಇಂಟೆಗ್ರಿನ್ ಎಂಬ ಪ್ರೋಟೀನುಗಳ ಮೂಲಕ ಅರಿಯುತ್ತದೆ. ನಾರು ಗಟ್ಟಿಯಾದಷ್ಟೂ ಇಂಟೆಗ್ರಿನ್‌ಗಳು ಹೆಚ್ಚು ಒಟ್ಟುಗೂಡಿ, ಒಳಗಿನ ಕೈನೇಸ್ ಕಿಣ್ವಗಳನ್ನು ಚುರುಕುಗೊಳಿಸುತ್ತವೆ. ಅವು ಇತರ ಪ್ರೋಟೀನುಗಳಿಗೆ ಫಾಸ್ಫೇಟ್ ಸೇರಿಸುತ್ತ ಹೋದಂತೆ ಕೋಶದ ಹಿಡಿತ, ಆಕಾರ, ಚಲನೆ ಎಲ್ಲವೂ ಬದಲಾಗುತ್ತವೆ. ಅಂದರೆ ಹೊರಗೆ ನಡೆದ ಒಂದು ಮಾರ್ಪಾಡು ಒಳಗೆ ಹಲವು ಮಾರ್ಪಾಡುಗಳಿಗೆ ಕಾರಣವಾಗುತ್ತದೆ. 2009ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನವೊಂದರಲ್ಲಿ, ಲೈಸಿಲ್ ಆಕ್ಸಿಡೇಸನ್ನು ತಡೆದಾಗ ಸ್ತನದ ಅಂಗಾಂಶ ಗಟ್ಟಿಯಾಗುವುದೂ ಗಡ್ಡೆ ಉಲ್ಬಣಿಸುವುದೂ ಕಡಿಮೆಯಾದವು.

ಗಡ್ಡೆಯಲ್ಲಿ ಈ ಕಿಣ್ವ ಇಷ್ಟೊಂದು ಹೆಚ್ಚಲು ಒಂದು ಮುಖ್ಯ ಕಾರಣ ಆಮ್ಲಜನಕದ ಕೊರತೆ. ಸಾಮಾನ್ಯ ಸ್ಥಿತಿಯಲ್ಲಿ ಹಿಫ್ ಎಂಬ ಪ್ರೋಟೀನಿಗೆ ಬೇರೊಂದು ಕಿಣ್ವವು ಆಮ್ಲಜನಕವನ್ನು ಬಳಸಿ ಹೈಡ್ರಾಕ್ಸಿಲ್ ಗುರುತು ಹಾಕುತ್ತದೆ. ಗುರುತು ಬಿದ್ದ ಹಿಫ್ ಬೇಗನೆ ನಾಶವಾಗುತ್ತದೆ. ರಕ್ತನಾಳಗಳಿಂದ ದೂರವಾದ ಗಡ್ಡೆಯ ಭಾಗದಲ್ಲಿ ಆ ಗುರುತು ಬೀಳುವುದಿಲ್ಲವಾದ್ದರಿಂದ ಹಿಫ್ ಉಳಿದುಕೊಂಡು, ಲೈಸಿಲ್ ಆಕ್ಸಿಡೇಸ್ ಸೇರಿದಂತೆ ಹಲವು ಜೀನ್‌ಗಳನ್ನು ಚಾಲನೆಗೊಳಿಸುತ್ತದೆ. ಆಮ್ಲಜನಕವನ್ನು ಕೋಶಗಳು ಅರಿಯುವ ಈ ಬಗೆಯನ್ನು ತೋರಿಸಿಕೊಟ್ಟ ಕೇಲಿನ್, ರಾಟ್‌ಕ್ಲಿಫ್ ಮತ್ತು ಸೆಮೆಂಜಾ ಅವರಿಗೆ 2019ರ ನೊಬೆಲ್ ಸಂದಿತು. ನನಗೆ ಇನ್ನೂ ಆತಂಕಕಾರಿಯಾಗಿ ಕಾಣುವ ಸಂಗತಿ ಬೇರೆಯಿದೆ: ಗಡ್ಡೆಯಿಂದ ಸ್ರವಿಸಿದ ಲೈಸಿಲ್ ಆಕ್ಸಿಡೇಸ್ ಇಲಿಗಳ ಶ್ವಾಸಕೋಶದಲ್ಲಿ ಶೇಖರವಾಗಿ, ಕ್ಯಾನ್ಸರ್ ಕೋಶ ಅಲ್ಲಿಗೆ ತಲುಪುವ ಮೊದಲೇ ಕೊಲಾಜೆನ್ನನ್ನು ಬಿಗಿದು ನೆಲೆ ಸಿದ್ಧಪಡಿಸುವುದು ಕಂಡುಬಂದಿದೆ.

ಇಷ್ಟು ತಿಳಿದ ಮೇಲೆ ಔಷಧ ಸುಲಭವೆನ್ನಿಸಬಹುದು, ಆದರೆ ಹಾಗಾಗಲಿಲ್ಲ. ಇದೇ ಕುಟುಂಬದ ಇನ್ನೊಂದು ಕಿಣ್ವದ ವಿರುದ್ಧ ರೂಪಿಸಿದ ಸಿಮ್ಟುಝುಮಾಬ್ ಎಂಬ ಪ್ರತಿಕಾಯವು, ಹರಡಿದ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಲ್ಲಿ ಕೀಮೋಥೆರಪಿಯೊಂದಿಗೆ ಕೊಟ್ಟಾಗ ರೋಗಿಗಳಿಗೆ ಹೆಚ್ಚಿನ ಪ್ರಯೋಜನ ನೀಡಲಿಲ್ಲ. ಈ ವೈಫಲ್ಯದಿಂದ ಇಡೀ ದಾರಿಯನ್ನೇ ಕೈಬಿಡಬೇಕೆಂದು ನನಗೆ ಅನ್ನಿಸುವುದಿಲ್ಲ. ಕಿಣ್ವವನ್ನು ತಡೆದರೆ ಹೊಸ ಅಡ್ಡಬಂಧಗಳು ನಿಲ್ಲುತ್ತವೆಯೇ ಹೊರತು ಆಗಲೇ ಆಗಿರುವ ಬಂಧಗಳು ಬಿಚ್ಚುವುದಿಲ್ಲ. ಕುಟುಂಬದ ಒಂದನ್ನು ತಡೆದರೂ ಉಳಿದ ನಾಲ್ಕು ಇದ್ದೇ ಇರುತ್ತವೆ. ಹರಡುವಿಕೆ ಮುಗಿದ ಹಂತಕ್ಕಿಂತ, ಶಸ್ತ್ರಚಿಕಿತ್ಸೆಯ ಆಸುಪಾಸಿನ ಅವಧಿಯಲ್ಲಿ ಇಂಥ ಔಷಧವನ್ನು ಪರೀಕ್ಷಿಸುವುದು ಹೆಚ್ಚು ಅರ್ಥಪೂರ್ಣವೆಂಬುದು ನನ್ನ ಅಭಿಪ್ರಾಯ.

ತಾಮ್ರದ ಮಾತು ಕೇಳಿ ತಾಮ್ರದ ತಂಬಿಗೆಯ ನೀರನ್ನು ಬಿಡಬೇಕೇ ಎಂದು ವಿಚಾರಿಸುವವರಿದ್ದಾರೆ. ದೇಹದ ತಾಮ್ರವನ್ನು ಔಷಧದಿಂದ ತಗ್ಗಿಸುವ ಪ್ರಯೋಗಗಳು ರಕ್ತಪರೀಕ್ಷೆಯ ನಿಗಾದಲ್ಲಿ ನಡೆದಿವೆ. ಮನೆಯ ಪಾತ್ರೆ ಬದಲಿಸುವುದು ಅದಕ್ಕೆ ಸಮವಲ್ಲ, ಸ್ವಂತವಾಗಿ ಆಹಾರದ ತಾಮ್ರ ತಗ್ಗಿಸಿದರೆ ರಕ್ತಹೀನತೆಯ ಅಪಾಯವಿದೆ. ಲೈಸಿಲ್ ಆಕ್ಸಿಡೇಸ್ ಪರೀಕ್ಷೆ ಮಾಡಿಸಬೇಕೇ ಎಂದು ಕೇಳುವವರಿಗೂ ಹೇಳುವುದಿಷ್ಟೆ: ಸ್ತನ ಕ್ಯಾನ್ಸರ್‌ನ ಚಿಕಿತ್ಸೆಯನ್ನು ಈಗ ನಿರ್ಧರಿಸುವುದು ಗಡ್ಡೆಯ ಗಾತ್ರ, ಗ್ರೇಡ್ (ಕೋಶಗಳು ಎಷ್ಟು ವಿಕಾರಗೊಂಡಿವೆ ಎಂಬ ಅಂದಾಜು), ದುಗ್ಧರಸ ಗ್ರಂಥಿಗಳ (ಲಿಂಫ್ ನೋಡ್‌ಗಳ) ಸ್ಥಿತಿ, ಹಾರ್ಮೋನ್ ಗ್ರಾಹಕಗಳು ಮತ್ತು ಹರ್-2 ಎಂಬ ಪ್ರೋಟೀನಿನ ಪರೀಕ್ಷೆಯ ಫಲಿತಾಂಶ. ವರದಿಯಲ್ಲಿ ಇವೆಲ್ಲ ನಮೂದಾಗಿವೆಯೇ ಎಂದು ನೋಡಿ, ಇಲ್ಲದಿದ್ದರೆ ವೈದ್ಯರನ್ನು ಕೇಳಿ.