ಫೌಂಡೇಶನ್ ಸರಣಿ: ಮೊದಲು ಯಾವ ಪುಸ್ತಕ?

‘ಅಸಿಮೋವ್ ಅವರ ವೈಜ್ಞಾನಿಕ ಕಾದಂಬರಿಗಳ ಫೌಂಡೇಶನ್ ಸರಣಿ ಓದಬೇಕು ಅಂತಿದ್ದೇನೆ. ಏಳು ಪುಸ್ತಕ ಇವೆಯಂತೆ. ಯಾವುದರಿಂದ ಶುರು ಮಾಡಲಿ?’

‘ಫೌಂಡೇಶನ್’ ಅಂತಲೇ ಹೆಸರಿರುವ 1951ರ ಪುಸ್ತಕದಿಂದ. ಆಮೇಲೆ 1952ರ ‘ಫೌಂಡೇಶನ್ ಅಂಡ್ ಎಂಪೈರ್’, 1953ರ ‘ಸೆಕೆಂಡ್ ಫೌಂಡೇಶನ್’. ಇನ್ನೂ ಬೇಕು ಅನ್ನಿಸಿದರೆ 1982ರ ‘ಫೌಂಡೇಶನ್ಸ್ ಎಡ್ಜ್’ಗೆ ಬನ್ನಿ.

ಇಷ್ಟು ಹೇಳಿದ ಕೂಡಲೇ ಮರುಪ್ರಶ್ನೆ ಬರುತ್ತದೆ. ‘ಕಥೆಯಲ್ಲಿ ಮೊದಲು ನಡೆಯೋದು ಪ್ರಿಲ್ಯೂಡ್ ಅಲ್ವಾ? ಅದನ್ನೇ ಮೊದಲು ಓದಬೇಕಲ್ವಾ?’ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಇವತ್ತು ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತೇನೆ: ಬೇಡ.

ಈ ತಪ್ಪು ಕಲ್ಪನೆಗೆ ಒಂದು ಬೇರಿದೆ. 1988ರ ‘ಪ್ರಿಲ್ಯೂಡ್ ಟು ಫೌಂಡೇಶನ್’ ಮೊದಲಲ್ಲಿ ಅಸಿಮೋವ್ ಅವರೇ ಒಂದು ಪಟ್ಟಿ ಕೊಟ್ಟರು. ರೋಬಾಟ್ ಕಥೆಗಳಿಂದ ಹಿಡಿದು 14 ಪುಸ್ತಕಗಳು, ಕಥೆಯೊಳಗಿನ ಕಾಲಕ್ಕೆ ತಕ್ಕಂತೆ ಜೋಡಿಸಿದ್ದು. ಬಹುಶಃ ಈ ಕ್ರಮದಲ್ಲಿ ಓದಬೇಕೇನೋ ಅಂದಿದ್ದರು. ಓದುಗರು ‘ಬಹುಶಃ’ ಬಿಟ್ಟು ಪಟ್ಟಿಯನ್ನಷ್ಟೇ ಹಿಡಿದುಕೊಂಡರು.

ಈಗ ನೋಡಿ. ಫೌಂಡೇಶನ್ ಅಂದರೆ ಸಾಮ್ರಾಜ್ಯ ಕುಸಿದ ಮೇಲೆ ನಾಗರಿಕತೆ ಮತ್ತೆ ಕಟ್ಟಲು ಗಣಿತಜ್ಞ ಹರಿ ಸೆಲ್ಡನ್ ಹುಟ್ಟುಹಾಕಿದ ನೆಲೆ; ಅಂಥವು ಎರಡು. ‘ಸೆಕೆಂಡ್ ಫೌಂಡೇಶನ್’ ಪೂರ್ತಿ ಒಂದು ಹುಡುಕಾಟ. ಎರಡನೇ ಫೌಂಡೇಶನ್ ಎಲ್ಲಿದೆ ಅಂತ ಕೊನೆಯವರೆಗೂ ನಮ್ಮನ್ನು ಓಡಾಡಿಸುತ್ತದೆ. ಉತ್ತರ 1953ರಲ್ಲೇ ಹೊರಬಿದ್ದಿತ್ತು. ಹಾಗಾಗಿ 1993ರ ‘ಫಾರ್ವರ್ಡ್ ದ ಫೌಂಡೇಶನ್’ ಅದನ್ನು ಮುಚ್ಚಿಡಲು ಹೋಗುವುದಿಲ್ಲ. ಕಥೆಯ ಕಾಲದಲ್ಲಿ ಇದು ಹಿಂದಿನದು. ಇದನ್ನು ಮೊದಲು ಓದಿದರೆ ಆ ಹುಡುಕಾಟದ ರುಚಿಯೆಲ್ಲ ಹೋಯ್ತು.

ಅದಕ್ಕಿಂತ ಜಾಸ್ತಿ ನಷ್ಟ ಇನ್ನೊಂದಿದೆ. ಮೊದಲ ಪುಸ್ತಕದಲ್ಲಿ ಟರ್ಮಿನಸ್ ಗ್ರಹದ ಒಂದು ಕೋಣೆ. ಹರಿ ಸೆಲ್ಡನ್ ಸತ್ತು ಹೆಚ್ಚುಕಡಿಮೆ ಐವತ್ತು ವರ್ಷ. ದೀಪಗಳು ಮಂಕಾಗುತ್ತವೆ. ಖಾಲಿಯಿದ್ದ ಗಾಜಿನ ಗೂಡಿನಲ್ಲಿ ಗಾಲಿಕುರ್ಚಿಯ ಮೇಲೆ ಒಬ್ಬ ಮುದುಕ ಕಾಣಿಸುತ್ತಾನೆ, ತೊಡೆಯ ಮೇಲೊಂದು ಪುಸ್ತಕ. ಅದು ಸೆಲ್ಡನ್ ಬದುಕಿದ್ದಾಗಲೇ ಮಾಡಿಟ್ಟ ದಾಖಲೆ. ನೀವು ನನಗೆ ಕಾಣುವುದಿಲ್ಲ, ಎಷ್ಟು ಜನ ಇದ್ದೀರೋ ಗೊತ್ತಿಲ್ಲ, ಯಾರಾದರೂ ನಿಂತಿದ್ದರೆ ಕೂತುಕೊಳ್ಳಿ ಅನ್ನುತ್ತಾನೆ. ಆಮೇಲೆ ಅವನು ಆಡುವ ಮಾತಿಗೆ ಅಲ್ಲಿದ್ದವರ ಐವತ್ತು ವರ್ಷದ ನಂಬಿಕೆ ಕುಸಿದುಬೀಳುತ್ತದೆ. ನನಗೆ ಪ್ರತಿ ಸಲವೂ ಇಲ್ಲಿ ಮೈ ಜುಮ್ಮೆನ್ನುತ್ತದೆ. ಅವನು ನಮಗೆ ಸರಿಯಾಗಿ ಪರಿಚಯವಿಲ್ಲ, ಅದಕ್ಕೇ. ‘ಪ್ರಿಲ್ಯೂಡ್’ನಲ್ಲಿ ಅವನು 32 ವರ್ಷದ ಹುಡುಗ, ಸಾಮ್ರಾಜ್ಯದ ರಾಜಧಾನಿ ಗ್ರಹ ಟ್ರಾಂಟರ್ ತುಂಬ ತಪ್ಪಿಸಿಕೊಂಡು ಓಡುತ್ತಿರುತ್ತಾನೆ. ಅವನ ಜೊತೆ ಅಷ್ಟೊಂದು ಪುಟ ಅಲೆದವರಿಗೆ ಗಾಜಿನ ಗೂಡಿನಲ್ಲಿ ಕಾಣೋದು ಪಕ್ಕದ ಮನೆಯವನು.

ಇದನ್ನೆಲ್ಲ ಓದೋಕೆ ಗಣಿತ ಬರಬೇಕಾ ಅಂತ ಯಾರೂ ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ನನಗೆ ತುಂಬ ಇಷ್ಟದ ವಿಷಯ. ಗಣಿತ ಬೇಡ. ಅಸಿಮೋವ್ ರಸಾಯನಶಾಸ್ತ್ರ ಓದಿದವರು. ದೊಡ್ಡ ಜನಸಮೂಹದ ಭವಿಷ್ಯವನ್ನು ಲೆಕ್ಕಹಾಕುವ ಸೆಲ್ಡನ್‌ನ ವಿದ್ಯೆ ‘ಸೈಕೋಹಿಸ್ಟರಿ’ಯ ಹಿಂದಿರುವುದು ಅನಿಲಗಳ ನಿಯಮ. ಕುಕ್ಕರಿನೊಳಗೆ ಹಬೆಯ ಒಂದೊಂದು ಕಣ ಎತ್ತ ಹಾರುತ್ತದೋ ಹೇಳಲಾಗದು. ಒತ್ತಡ ಎಷ್ಟಾದರೆ ಸೀಟಿ ಕೂಗುತ್ತದೆ ಅಂತ ಮಾತ್ರ ಹೇಳಬಹುದು. ಸೆಲ್ಡನ್ ಲೆಕ್ಕದಲ್ಲಿ ಕಣದ ಜಾಗಕ್ಕೆ ಮನುಷ್ಯ ಬರುತ್ತಾನೆ, ಅಷ್ಟೇ. ಒಂದು ಷರತ್ತಿದೆ: ಭವಿಷ್ಯ ಜನಕ್ಕೆ ಗೊತ್ತಾಗಬಾರದು. ಗೊತ್ತಾದರೆ ನಡೆ ಬದಲಾಗಿ ಲೆಕ್ಕ ತಪ್ಪುತ್ತದೆ. ಟರ್ಮಿನಸ್‌ಗೆ ಕಳಿಸಿದ ವಿಜ್ಞಾನಿಗಳಲ್ಲಿ, ಒಬ್ಬರನ್ನು ಬಿಟ್ಟರೆ, ಒಳ್ಳೆಯ ಮನಃಶಾಸ್ತ್ರಜ್ಞರೇ ಇಲ್ಲ. ಅದು ಮರೆತು ಆದದ್ದಲ್ಲ, ಭವಿಷ್ಯ ಮೊದಲೇ ತಿಳಿಯದಿರಲಿ ಅಂತಲೇ. ಆ ಪುಟ ಬಂದಾಗ ನಿಧಾನವಾಗಿ ಓದಿ.