ಹೊರಗಿನ ಚೀಟಿಯ ಹಿಂದೆ: ಸರ್ಕಾರ ಔಷಧ ಕೊಳ್ಳುವ ದಾರಿ

ತಾಲ್ಲೂಕು ಆಸ್ಪತ್ರೆಯ ಔಷಧ ಕಿಟಕಿಯ ಮುಂದೆ ನಿಂತವರಿಗೆಲ್ಲ ಆ ಚೀಟಿ ಗೊತ್ತು. ನಾಲ್ಕು ಔಷಧ ಬರೆದಿದ್ದರೆ ಎರಡಕ್ಕೆ ಟಿಕ್ ಬೀಳುತ್ತದೆ, ಉಳಿದೆರಡು ‘ಹೊರಗಡೆ ತಗೊಳ್ಳಿ’. ಕಳೆದ ವರ್ಷ ನಮ್ಮ ಕಡೆಯ ಒಂದು ಆಸ್ಪತ್ರೆಯಲ್ಲಿ ನನ್ನ ಮುಂದಿದ್ದ ಅಜ್ಜಿ ಆ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಎದುರಿನ ಮೆಡಿಕಲ್ ಶಾಪಿಗೆ ಹೋಗದೆ ಸೀದಾ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಸಿಗದೆ ಹೋದದ್ದು ಬಿಪಿ ಮಾತ್ರೆ. ಫಾರ್ಮಸಿ ಅಧಿಕಾರಿ ಇಂಡೆಂಟ್ ಪುಸ್ತಕ ತಿರುಗಿಸಿ ತೋರಿಸಿದರು. ಮೂರು ಸಲ ಬೇಡಿಕೆ ಕಳಿಸಿದ್ದರು, ಮೂರು ಸಲವೂ ‘ದಾಸ್ತಾನಿಲ್ಲ’ ಎಂಬ ಉತ್ತರ.

ಟೆಂಡರ್, ಎಲ್‌1 (ಅತಿ ಕಡಿಮೆ ಬೆಲೆ ಬರೆದ ಕಂಪನಿ), ಕಪ್ಪುಪಟ್ಟಿ, ಪರೀಕ್ಷಾ ವರದಿ, ಬಾಕಿ ಬಿಲ್ಲು ಎಂದು ಸುದ್ದಿಯಲ್ಲಿ ಚೂರುಚೂರಾಗಿ ಬರುವ ಮಾತುಗಳೆಲ್ಲ ಆ ಕಿಟಕಿಯಲ್ಲೇ ಬಂದು ಕೂಡುತ್ತವೆ. ಅಲ್ಲಿಗೆ ಹೇಗೆ ಬಂದೆವು ಎಂಬುದನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಬ್ರಿಟಿಷರ ಕಾಲದ ಮೆಡಿಕಲ್ ಸ್ಟೋರ್ಸ್ ಡಿಪೋಗಳಿಂದ 1980ರ ದಶಕದ ದರ ಕರಾರಿನವರೆಗೆ (ಬೆಲೆಯನ್ನು ಮೊದಲೇ ಗೊತ್ತುಮಾಡಿಕೊಳ್ಳುವ ಒಪ್ಪಂದ) ಖರೀದಿಯ ಕಣ್ಣೆಲ್ಲ ಇದ್ದದ್ದು ಬೆಲೆಯ ಮೇಲೆ. ಬಂದ ಮಾಲು ಹೇಗಿದೆ ಎಂದು ತೆರೆದು ನೋಡುವುದು ಅಪರೂಪವಾಗಿತ್ತು. 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಾಲ್ ಕೊಟ್ಟ 14 ರೋಗಿಗಳು ತೀರಿಕೊಂಡರು. ಅದರಲ್ಲಿ ಡೈಎಥಿಲಿನ್ ಗ್ಲೈಕಾಲ್ ಎಂಬ ವಿಷ ಬೆರೆತಿತ್ತು. ತನಿಖೆ ನಡೆಸಿದ ನ್ಯಾಯಮೂರ್ತಿ ಲೆಂಟಿನ್ ಆಯೋಗ ಆ ಬಾಟಲಿ ವಾರ್ಡಿನವರೆಗೆ ಬಂದ ದಾರಿಯನ್ನೇ ಬಿಚ್ಚಿಟ್ಟಿತು.

ದಾರಿ ಬದಲಿಸಿ ತೋರಿಸಿದ್ದು ತಮಿಳುನಾಡು. 1994ರಲ್ಲಿ ಅಲ್ಲಿ ವೈದ್ಯಕೀಯ ಸೇವಾ ನಿಗಮ ಹುಟ್ಟಿತು, 1995ರ ಜನವರಿಯಿಂದ ಕೆಲಸ ಶುರುವಾಯಿತು. ಮೊದಲು ಪಟ್ಟಿಯನ್ನು ಅಗತ್ಯ ಔಷಧಗಳಿಗೆ ಇಳಿಸಿದರು, ಬ್ರಾಂಡ್ ಹೆಸರು ಬಿಟ್ಟು ಮೂಲ ಹೆಸರಿನಲ್ಲಿ ಕೊಂಡರು. ಟೆಂಡರಿಗೆ ಎರಡು ಲಕೋಟೆ. ಕಂಪನಿಯ ಯೋಗ್ಯತೆ ಹೇಳುವ ಮೊದಲನೆಯದು ಪಾಸಾದರೆ ಮಾತ್ರ ಬೆಲೆಯಿರುವ ಎರಡನೆಯದನ್ನು ಒಡೆಯುವುದು. ಮಾಲು ಜಿಲ್ಲಾ ಉಗ್ರಾಣಕ್ಕೆ ಬಂದೊಡನೆ ಪ್ರತಿ ಬ್ಯಾಚಿನಿಂದ ಮಾದರಿ ತೆಗೆದು, ಕಂಪನಿಯ ಹೆಸರು ಅಳಿಸಿ, ಸಂಕೇತ ಸಂಖ್ಯೆ ಹಾಕಿ ಪ್ರಯೋಗಾಲಯಕ್ಕೆ ಕಳಿಸುವ ಪದ್ಧತಿ ತಂದರು. ಯಾರ ಔಷಧ ಎಂದು ಪರೀಕ್ಷಿಸುವವರಿಗೆ ಗೊತ್ತಾಗುವುದಿಲ್ಲ. ವರದಿ ಬರುವವರೆಗೆ ಪೆಟ್ಟಿಗೆ ಉಗ್ರಾಣದ ಮೂಲೆಯಲ್ಲೇ ಇರಬೇಕು.

ನನಗೆ ಎಲ್ಲಕ್ಕಿಂತ ಹಿಡಿಸುವುದು ಅಲ್ಲಿನ ಪಾಸ್‌ಬುಕ್. ಪ್ರತಿ ಆಸ್ಪತ್ರೆಗೂ ಬ್ಯಾಂಕಿನದರಂಥ ಒಂದು ಪುಸ್ತಕ, ಅದರಲ್ಲಿ ವರ್ಷಕ್ಕೆ ಇಷ್ಟು ರೂಪಾಯಿ ಎಂಬ ಮಿತಿ. ವೈದ್ಯಾಧಿಕಾರಿ ತಮಗೆ ಬೇಕಾದ ಔಷಧ ಎತ್ತಿಕೊಳ್ಳುತ್ತಾರೆ, ಅದರ ಮೌಲ್ಯ ಪುಸ್ತಕದಲ್ಲಿ ಕಳೆಯುತ್ತದೆ. ಯಾವುದು ಬೇಕು ಎಂಬ ತೀರ್ಮಾನ ರೋಗಿಯನ್ನು ಕಂಡವರ ಕೈಯಲ್ಲೇ ಉಳಿಯಿತು. ಕೇರಳ, ರಾಜಸ್ಥಾನ ಮುಂತಾದ ರಾಜ್ಯಗಳು ಆಮೇಲೆ ಇದೇ ಜಾಡು ಹಿಡಿದವು.

ಕರ್ನಾಟಕದಲ್ಲಿ 2000ದ ಅಕ್ಟೋಬರಿನಲ್ಲಿ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಕಾಯ್ದೆ ಜಾರಿಗೆ ಬಂತು. ಔಷಧಕ್ಕೆಂದೇ ಲಾಜಿಸ್ಟಿಕ್ಸ್ ಮತ್ತು ಉಗ್ರಾಣ ಸೊಸೈಟಿ ಬಂತು, ಈಗ ಅದು ವೈದ್ಯಕೀಯ ಸರಬರಾಜು ನಿಗಮ. ಉಗ್ರಾಣಗಳಾದವು, ಇ-ಟೆಂಡರ್ ಆಯಿತು, ದಾಸ್ತಾನು ಕಂಪ್ಯೂಟರಿಗೇರಿತು. ಯಾರು ಎಷ್ಟಕ್ಕೆ ಬರೆದರು ಎಂಬುದು ಗುಟ್ಟಾಗಿ ಉಳಿಯದಿರುವುದು ಸಣ್ಣ ಗೆಲುವಲ್ಲ.

ಆದರೆ ಎಲ್‌1 ಎಂಬ ಎರಡಕ್ಷರ ಎಲ್ಲರ ತಲೆಯ ಮೇಲೆ ಕೂತುಬಿಟ್ಟಿತು. ಅತಿ ಕಡಿಮೆ ಬೆಲೆ ಬರೆದವರಿಗೆ ಆರ್ಡರ್ ಕೊಟ್ಟರೆ ಕಡತದಲ್ಲಿ ಯಾರೂ ತಪ್ಪು ಹಿಡಿಯುವುದಿಲ್ಲ. ಎರಡು ಪೈಸೆ ಹೆಚ್ಚು ಕೊಟ್ಟು ಒಳ್ಳೆಯದನ್ನು ತಂದ ಅಧಿಕಾರಿ ಮಾತ್ರ ಆಡಿಟ್ ಆಕ್ಷೇಪಣೆಗೆ ಉತ್ತರ ಬರೆಯುತ್ತ ಕೂರಬೇಕಾಗುತ್ತದೆ. ಎಲ್‌1 ಕಂಪನಿ ನಡುವೆ ಕೈಕೊಟ್ಟರೆ ಅದೇ ಬೆಲೆಗೆ ಕೊಡುತ್ತೀರಾ ಎಂದು ಅದರ ನಂತರದ ಕಡಿಮೆ ಬೆಲೆ ಬರೆದ ಎಲ್‌2 ಕಂಪನಿಯನ್ನು ಕೇಳಬೇಕು. ಅವರು ಒಲ್ಲೆ ಎಂದರೆ ಮರುಟೆಂಡರ್. ಅಷ್ಟರಲ್ಲಿ ತಿಂಗಳುಗಳು ಉರುಳುತ್ತವೆ. ಆಸ್ಪತ್ರೆ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಊರಿನ ಅಂಗಡಿಯಿಂದ ಅದೇ ಔಷಧವನ್ನು ಹೆಚ್ಚಿನ ಬೆಲೆಗೆ ತರುತ್ತದೆ, ಅಥವಾ ಚೀಟಿ ಬರೆಯುತ್ತದೆ. ಬಿಲ್ ಪಾವತಿ ತಡವಾದಷ್ಟೂ ಒಳ್ಳೆಯ ಕಂಪನಿಗಳು ಮುಂದಿನ ಟೆಂಡರಿನಿಂದ ದೂರ ಸರಿಯುತ್ತವೆ.

ಇದಕ್ಕಿಂತ ಆಳದ ತೊಡಕು ಇಂಡೆಂಟಿನಲ್ಲಿದೆ. ಮುಂದಿನ ವರ್ಷಕ್ಕೆ ಎಷ್ಟು ಬೇಕು ಎಂದು ಲೆಕ್ಕ ಹಾಕುವುದು ಹಿಂದಿನ ವರ್ಷ ಎಷ್ಟು ಖರ್ಚಾಯಿತು ಎಂಬುದರ ಮೇಲೆ. ಆರು ತಿಂಗಳು ಮಾತ್ರೆಯೇ ಇರದಿದ್ದರೆ ಖರ್ಚೂ ಅರ್ಧವೇ. ಅರ್ಧ ಖರ್ಚಾದ ಮಾತ್ರೆಗೆ ಅರ್ಧ ಬೇಡಿಕೆ ಹೋಗುತ್ತದೆ. ಬರಿಗೈಯಲ್ಲಿ ಬಸ್ ಹತ್ತಿದ ಅಜ್ಜಿ ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ಖಾಸಗಿ ಆಸ್ಪತ್ರೆಗಳಿಗೆ ಈ ಕಷ್ಟವಿಲ್ಲ. ಸ್ಟಾಕಿಸ್ಟಿಗೆ ಬೆಳಿಗ್ಗೆ ಫೋನ್ ಮಾಡಿದರೆ ಸಂಜೆಯೊಳಗೆ ಮಾಲು ಬರುತ್ತದೆ. ಹಾಗೆಂದು ಆ ಸರಪಳಿ ಗಟ್ಟಿ ಎನ್ನಲಾಗದು. 2020ರಲ್ಲಿ ಚೀನಾದಿಂದ ಕಚ್ಚಾ ಔಷಧ ಬರುವುದು ಅನುಮಾನವಾದಾಗ ಕೇಂದ್ರ ಸರ್ಕಾರ ಪ್ಯಾರಾಸಿಟಮಾಲ್ ಸೇರಿ 26 ಬಗೆಯ ಕಚ್ಚಾ ಪದಾರ್ಥ ಮತ್ತು ಸಿದ್ಧ ಔಷಧಗಳ ರಫ್ತಿಗೆ ಕಡಿವಾಣ ಹಾಕಬೇಕಾಯಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಸತ್ತಾಗ ಅದರಲ್ಲಿ ಸಿಕ್ಕಿದ್ದು 1986ರ ಅದೇ ಡೈಎಥಿಲಿನ್ ಗ್ಲೈಕಾಲ್.

ಎರಡೂ ವಲಯ ಕೈಜೋಡಿಸಿದರೆ ಏನಾಗಬಹುದು ಎಂಬುದಕ್ಕೂ ಉದಾಹರಣೆಯಿದೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಮುಂದಾಳತ್ವದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್, 23 ಕೇಂದ್ರಗಳ ಬೇಡಿಕೆಯನ್ನು ಒಟ್ಟುಗೂಡಿಸಿ 40 ಔಷಧಗಳಿಗೆ ಒಂದೇ ಚೌಕಾಸಿ ನಡೆಸಿತು. ಔಷಧದಿಂದ ಔಷಧಕ್ಕೆ ಉಳಿತಾಯ 23ರಿಂದ 99 ಪ್ರತಿಶತದವರೆಗೆ ಆಯಿತು.

ಇನ್ನು ಬಳ್ಳಾರಿ. 2024ರ ನವೆಂಬರಿನಲ್ಲಿ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅನುಮಾನ ಡ್ರಿಪ್ ಮೂಲಕ ಕೊಡುವ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಬಿತ್ತು. ರಾಜ್ಯದ ಪ್ರಯೋಗಾಲಯ ಗುಣಮಟ್ಟವಿಲ್ಲ ಎಂದ ಕೆಲವು ಬ್ಯಾಚುಗಳಿಗೆ ಕೇಂದ್ರದ ಪ್ರಯೋಗಾಲಯ ಗುಣಮಟ್ಟವಿದೆ ಎಂದಿತ್ತು ಎಂಬುದೂ ಹೊರಬಂತು. ಎರಡು ವರದಿ ಎದುರುಬದುರಾದಾಗ ಅನುಮಾನದ ಲಾಭ ರೋಗಿಗೆ ಸಿಗಬೇಕೋ ಮಾಲಿಗೋ ಎಂಬ ಪ್ರಶ್ನೆಗೆ ಆ ದಿನದವರೆಗೆ ಖಚಿತ ಉತ್ತರವಿರಲಿಲ್ಲ. ಉತ್ತರ ಒಂದೇ ಇರಬೇಕಿತ್ತು.

ಸಿರೆಗೆ ಹರಿಸುವ ದ್ರಾವಣದಲ್ಲಿ ಸೂಕ್ಷ್ಮಾಣುಗಳಿಲ್ಲ ಎಂದು ಖಾತರಿಪಡಿಸಲು ಮಾದರಿಯನ್ನು 14 ದಿನ ಬೆಚ್ಚಗಿಟ್ಟು ನೋಡಬೇಕು. ಆ ಅವಧಿಯನ್ನು ಯಾವ ತಂತ್ರಾಂಶವೂ ಕಡಿಮೆ ಮಾಡದು. ಆ 14 ದಿನವೂ ಹೆರಿಗೆ ವಾರ್ಡ್ ನಡೆಯಬೇಕಾದರೆ, ಹಿಂದಿನ ಪರೀಕ್ಷೆಯಲ್ಲಿ ಪಾಸಾದ ಬಾಟಲಿಗಳು ಉಗ್ರಾಣದಲ್ಲಿ ಮೊದಲೇ ಇರಬೇಕು. ಅವು ಇರಬೇಕಾದರೆ ದಾಸ್ತಾನು ಖಾಲಿಯಾಗುವ ಎಷ್ಟೋ ತಿಂಗಳ ಮುಂಚೆ ಟೆಂಡರ್ ಮುಗಿದು, ಹಳೆಯ ಬಿಲ್ಲು ಚುಕ್ತಾ ಆಗಿರಬೇಕು. ನಮ್ಮ ಕಡೆಯ ಆ ಫಾರ್ಮಸಿ ಅಧಿಕಾರಿ ಈಗ ಇಂಡೆಂಟ್ ಪುಸ್ತಕದ ಪಕ್ಕದಲ್ಲಿ ಇನ್ನೊಂದು ನೋಟ್‌ಬುಕ್ ಇಟ್ಟಿದ್ದಾರೆ. ಯಾವ ಔಷಧಕ್ಕೆ ಎಷ್ಟು ಜನರನ್ನು ಹೊರಗೆ ಕಳಿಸಬೇಕಾಯಿತು ಎಂದು ದಿನವೂ ಅದರಲ್ಲಿ ಗೆರೆ ಎಳೆಯುತ್ತಾರೆ. ಅದನ್ನು ಭರ್ತಿ ಮಾಡಿ ಕಳಿಸಲು ಯಾವ ನಮೂನೆಯಲ್ಲೂ ಕಾಲಂ ಇಲ್ಲ.